ಕೆಸರಿನ ಓಟಕ್ಕೆ ಬಿಸಿಲಿನ ಹೊಡೆತ

ಕ್ಲಬ್ಬುಗಳ ಕ್ರಾಸ್ ಕಂಟ್ರಿ ಓಟ ಚಳಿಗಾಲದ ಕೂಸು. 1868ರಲ್ಲಿ ಲಂಡನ್ನಿನ ದೋಣಿ ಸ್ಪರ್ಧಿಗಳು ಚಳಿಗಾಲದ ವ್ಯಾಯಾಮಕ್ಕೆಂದೇ ಥೇಮ್ಸ್ ಹೇರ್ ಅಂಡ್ ಹೌಂಡ್ಸ್ ಕ್ಲಬ್ ಕಟ್ಟಿದರು. ಮಳೆ, ಕೆಸರು ಆ ಓಟದ ಅಂಗವೇ ಆಗಿದ್ದವು. 1924ರ ಪ್ಯಾರಿಸ್ ಒಲಿಂಪಿಕ್ಸ್ ಅದನ್ನು ಜುಲೈ ತಿಂಗಳ ಉರಿಬಿಸಿಲಿಗೆ ದೂಡಿತು. ಹೊರಟ 38 ಮಂದಿಯಲ್ಲಿ ಗುರಿ ಮುಟ್ಟಿದವರು ಬರೀ 15. ಫಿನ್‌ಲೆಂಡಿನ ಲೀಮಟಾಯ್ನೆನ್ ಇನ್ನೇನು ಮುಗಿಯಿತು ಎನ್ನುವಾಗ ದಿಕ್ಕು ತಪ್ಪಿ ಹಿಂದಕ್ಕೆ ತಿರುಗಿದ. ಹೇಗೋ ತೂರಾಡುತ್ತ ಗೆರೆ ದಾಟಿದ. ಅವನ ನಾಡಿನವನೇ ಆದ ಪಾವೊ ನೂರ್ಮಿ ನಿರಾಯಾಸವಾಗಿ ಗೆದ್ದನಲ್ಲ, ಉಳಿದವರ ತಯಾರಿಯೇ ಸಾಲದಾಗಿತ್ತು ಎಂದು ವಾದಿಸಬಹುದು. ಅಂಥ ಅಸಾಮಾನ್ಯನನ್ನು ಎಲ್ಲರಿಗೂ ಅಳತೆಗೋಲು ಮಾಡುವುದು ಅನ್ಯಾಯ. ತಪ್ಪಿದ್ದು ಋತುವಿನ ಆಯ್ಕೆ. ಆದರೆ ಒಲಿಂಪಿಕ್ಸ್ ಕೈಬಿಟ್ಟದ್ದು ಓಟವನ್ನೇ. ಇಂಗ್ಲೆಂಡಿನ ಕ್ಲಬ್ಬುಗಳು ಅದನ್ನು ಇಂದಿಗೂ ಚಳಿಗಾಲದಲ್ಲೇ ನಡೆಸುತ್ತಿವೆ.