ಮಣ್ಣು ಮತ್ತು ಹೂಳಿನಲ್ಲಿರುವ ವಿಕಿರಣಶೀಲ ಧಾತುಗಳ ರಾಸಾಯನಿಕ ರೂಪ ನಿರ್ಣಯ: ಸಾರ್ವಜನಿಕರಿಗೆ ಮಾಹಿತಿ

ಮಣ್ಣು, ಕೆರೆಯ ಹೂಳು ಅಥವಾ ಕೊಳವೆಬಾವಿ ನೀರಿನ ಪರೀಕ್ಷೆಯನ್ನು ಕೋರುವ ಅರ್ಜಿದಾರರು, ವರದಿಯಲ್ಲಿ ನಮೂದಾಗುವ ವಿಕಿರಣಶೀಲತೆಯ ಅಂಕಿಗಳನ್ನು ಸರಿಯಾಗಿ ಅರ್ಥೈಸಿಕೊಳ್ಳಲು ಅನುಕೂಲವಾಗಲೆಂದು ಈ ಮಾಹಿತಿಯನ್ನು ಪ್ರಕಟಿಸಲಾಗಿದೆ.

ಉದಾಹರಣೆಗೆ, ಮೈಸೂರು ನಗರದ ಲಷ್ಕರ್ ಮೊಹಲ್ಲಾದ ನಿವಾಸಿಯೊಬ್ಬರು ಮನೆಯ ಪಾಯ ತೆಗೆದ ಮಣ್ಣನ್ನು ಪರೀಕ್ಷೆಗೆ ಕೊಟ್ಟಿದ್ದಾರೆಂದು ಭಾವಿಸೋಣ. ವರದಿಯಲ್ಲಿ ‘ಯುರೇನಿಯಂ-238: ಪ್ರತಿ ಕಿಲೋಗ್ರಾಂಗೆ 50 ಬೆಕರೆಲ್’ ಎಂದು ಬಂದಲ್ಲಿ ಅವರು ಗಾಬರಿಯಾಗುವುದು ಸಹಜ. ಆದರೆ ಯುರೇನಿಯಂ, ಥೋರಿಯಂ ಹಾಗೂ ಪೊಟ್ಯಾಸಿಯಂ-40 ಇಲ್ಲದ ಮಣ್ಣು ಭೂಮಿಯ ಮೇಲೆ ಇಲ್ಲ. ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿಯ 2000ನೇ ಇಸವಿಯ ವರದಿಯಂತೆ ಇವುಗಳ ಜಾಗತಿಕ ಮಧ್ಯಮ ಮೌಲ್ಯಗಳು ಕ್ರಮವಾಗಿ 35, 30 ಮತ್ತು 400 ಬೆಕರೆಲ್. ಮೇಲ್ಕಂಡ 50 ಬೆಕರೆಲ್ ಎಂದರೆ ಹತ್ತು ಲಕ್ಷ ಭಾಗ ಮಣ್ಣಿನಲ್ಲಿ ಸುಮಾರು 4 ಭಾಗ ಯುರೇನಿಯಂ. ಗ್ರಾನೈಟ್ ಮತ್ತು ನೈಸ್ ಶಿಲೆಗಳಿಂದ ಉಂಟಾದ ಮಣ್ಣಿನಲ್ಲಿ ಇದು ಅಸಾಮಾನ್ಯವಲ್ಲ.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ಸದರಿ ಯುರೇನಿಯಂ ಮಣ್ಣಿನಲ್ಲಿ ಯಾವ ರೂಪದಲ್ಲಿದೆ? ಬ್ಯಾಂಕಿನಲ್ಲಿ ಒಬ್ಬರ ಹೆಸರಿನಲ್ಲಿರುವ ಒಟ್ಟು ಮೊತ್ತ ಒಂದು, ಅದರಲ್ಲಿ ಇಂದೇ ಹಿಂಪಡೆಯಬಹುದಾದ ಮೊತ್ತ ಇನ್ನೊಂದು. ನಿಶ್ಚಿತ ಠೇವಣಿಯಲ್ಲಿರುವುದು ಕೈಗೆ ಬರುವುದಿಲ್ಲ. ಹಾಗೆಯೇ ಖನಿಜದ ಹರಳಿನೊಳಗೆ ಬಂಧಿತವಾದ ಧಾತು ನೀರಿಗಾಗಲಿ ಬೆಳೆಗಾಗಲಿ ಸೇರುವುದಿಲ್ಲ. ಮಣ್ಣಿನ ಕಣದ ಮೇಲ್ಮೈಗೆ ಸಡಿಲವಾಗಿ ಅಂಟಿರುವುದು ಸೇರುತ್ತದೆ. ಸಾಮಾನ್ಯ ಗಾಮಾ ರೋಹಿತ ಪರೀಕ್ಷೆಯು ಒಟ್ಟು ಮೊತ್ತವನ್ನು ಮಾತ್ರ ತಿಳಿಸುತ್ತದೆ.

ಧಾತುಗಳ ಸ್ವಭಾವ

ಯುರೇನಿಯಂ ಮಣ್ಣಿನಲ್ಲಿ ಪ್ರಧಾನವಾಗಿ ಎರಡು ಸ್ಥಿತಿಗಳಲ್ಲಿರುತ್ತದೆ. ಆಮ್ಲಜನಕವಿರುವ ಕಡೆ ಆರು ವೇಲೆನ್ಸಿಯ ಯುರೇನಿಲ್ ಆಗಿ, ಕಾರ್ಬೊನೇಟಿನೊಂದಿಗೆ ಸೇರಿ ನೀರಿನಲ್ಲಿ ಸುಲಭವಾಗಿ ಸಾಗುತ್ತದೆ. ಆಮ್ಲಜನಕವಿಲ್ಲದ ಕಡೆ ನಾಲ್ಕು ವೇಲೆನ್ಸಿಗೆ ಇಳಿದು ಬಹುಮಟ್ಟಿಗೆ ಕರಗದೆ ನಿಲ್ಲುತ್ತದೆ. ಥೋರಿಯಂಗೆ ನಾಲ್ಕು ವೇಲೆನ್ಸಿಯ ಸ್ಥಿತಿಯೊಂದೇ. ಉಳ್ಳಾಲದ ಕಡಲ ತೀರದ ಮೊನಜೈಟ್ ಮರಳಿನಲ್ಲಿ ಅದು ಹರಳಿನಲ್ಲಿಯೇ ಉಳಿಯಲು ಇದೇ ಕಾರಣ. ರೇಡಿಯಂ ಕ್ಯಾಲ್ಸಿಯಂ ಮತ್ತು ಬೇರಿಯಂಗಳ ಜಾತಿಯದು. ಅದು ಕಣದ ಹೊರಮೈಯಲ್ಲಿದ್ದಷ್ಟೂ ಅದರಿಂದ ಹುಟ್ಟುವ ರೇಡಾನ್ ಅನಿಲ ಹೆಚ್ಚಾಗಿ ಹೊರಬರುತ್ತದೆ. ಗಾಳಿಯಾಡದ ನೆಲಮಹಡಿಯ ಕೋಣೆಗಳಿಗೆ ಸಂಬಂಧಿಸಿದಂತೆ ಇದು ಗಮನಾರ್ಹ.

1986ರ ಚೆರ್ನೋಬಿಲ್ ಹಾಗೂ 2011ರ ಫುಕುಶಿಮಾ ಅಪಘಾತಗಳಲ್ಲಿ ಹರಡಿದ ಸೀಸಿಯಂ-137, ಇಲೈಟ್ ಎಂಬ ಜೇಡಿ ಖನಿಜದ ಪದರಗಳ ಅಂಚಿನಲ್ಲಿ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಸ್ಟ್ರಾನ್ಷಿಯಂ-90 ಹಾಗಲ್ಲ, ಅದು ಕ್ಯಾಲ್ಸಿಯಂನಂತೆ ವಿನಿಮಯಗೊಂಡು ಬೇರಿಗೆ ಸಿಗುತ್ತದೆ. ಎರಡರ ಅರ್ಧಾಯುವೂ ಸುಮಾರು 30 ವರ್ಷವೇ ಆದರೂ ಮಣ್ಣಿನಲ್ಲಿ ಅವುಗಳ ನಡವಳಿಕೆ ಒಂದೇ ಅಲ್ಲ.

ನಿರ್ಣಯಿಸುವ ವಿಧಾನ

ಹೆಚ್ಚು ಬಳಕೆಯಲ್ಲಿರುವ ಕ್ರಮವನ್ನು ಟೆಸಿಯರ್, ಕ್ಯಾಂಪ್‌ಬೆಲ್ ಮತ್ತು ಬಿಸನ್ ಎಂಬ ವಿಜ್ಞಾನಿಗಳು 1979ರಲ್ಲಿ ಪ್ರಕಟಿಸಿದರು. ಇದರಲ್ಲಿ ಸುಮಾರು 1 ಗ್ರಾಂ ಮಾದರಿಯನ್ನು ಒಂದಾದ ಮೇಲೊಂದರಂತೆ ಹೆಚ್ಚು ಪ್ರಬಲವಾದ ದ್ರಾವಣಗಳಿಂದ ತೊಳೆಯಲಾಗುತ್ತದೆ. ಮೊದಲು ಮೆಗ್ನೀಸಿಯಂ ಕ್ಲೋರೈಡ್. ಇದರಲ್ಲಿ ಬರುವುದು ಸಡಿಲವಾಗಿ ಅಂಟಿದ, ವಿನಿಮಯಗೊಳ್ಳುವ ಭಾಗ. ನಂತರ ಆಮ್ಲೀಯ ಸೋಡಿಯಂ ಅಸಿಟೇಟ್, ಕಾರ್ಬೊನೇಟಿಗೆ ಸೇರಿದ ಭಾಗಕ್ಕಾಗಿ. ಮೂರನೆಯದು ಹೈಡ್ರಾಕ್ಸಿಲಮೀನ್ ಹೈಡ್ರೋಕ್ಲೋರೈಡ್. ಇದು ಕಬ್ಬಿಣ ಮತ್ತು ಮ್ಯಾಂಗನೀಸ್ ಆಕ್ಸೈಡುಗಳನ್ನು ಕರಗಿಸಿ ಅವು ಹಿಡಿದಿಟ್ಟದ್ದನ್ನು ಬಿಡಿಸುತ್ತದೆ. ನಾಲ್ಕನೆಯದಾಗಿ ಹೈಡ್ರೋಜನ್ ಪೆರಾಕ್ಸೈಡ್, ಸಾವಯವ ಅಂಶಕ್ಕೆ. ಕೊನೆಗೆ ಉಳಿಯುವುದು ಪ್ರಬಲ ಆಮ್ಲಗಳಿಗೆ ಮಾತ್ರ ಮಣಿಯುವ ಖನಿಜ ಭಾಗ. ಪ್ರತಿ ಹಂತದ ದ್ರಾವಣದಲ್ಲಿರುವ ಧಾತುವನ್ನು ಆಲ್ಫಾ ರೋಹಿತಮಾಪನ ಅಥವಾ ದ್ರವ್ಯರಾಶಿ ರೋಹಿತಮಾಪನದಿಂದ ಅಳೆಯಲಾಗುತ್ತದೆ.

ಮೈಸೂರು ಭಾಗದ ಕೆಂಪು ಮಣ್ಣಿಗೆ ಬಣ್ಣ ಕೊಡುವುದೇ ಕಬ್ಬಿಣದ ಆಕ್ಸೈಡು. ಆದುದರಿಂದ ಇಲ್ಲಿ ಮೂರನೆಯ ಹಂತಕ್ಕೆ ವಿಶೇಷ ಗಮನ ಅಗತ್ಯ. ನೀರು ನಿಂತು ಆಮ್ಲಜನಕ ಮುಗಿದಾಗ ಈ ಆಕ್ಸೈಡುಗಳು ಕರಗಿ, ಅವು ಹಿಡಿದಿಟ್ಟ ರೇಡಿಯಂ ನೀರಿಗೆ ಬಿಡುಗಡೆಯಾಗಬಹುದು. ಅದೇ ಸ್ಥಿತಿಯಲ್ಲಿ ಯುರೇನಿಯಂ ಕರಗದ ರೂಪಕ್ಕೆ ಇಳಿಯುತ್ತದೆ. ಕೆರೆಯ ತಳದ ಹೂಳನ್ನು ಎತ್ತಿ ಹೊಲಕ್ಕೆ ಹರಡಿದಾಗ ಪರಿಸ್ಥಿತಿ ತಿರುಗುಮುರುಗಾಗುತ್ತದೆ. ಕೆರೆಯಲ್ಲಿದ್ದಾಗ ಮಾಡಿದ ಪರೀಕ್ಷೆಯನ್ನು ಹೊಲದ ಮಣ್ಣಿಗೆ ಅನ್ವಯಿಸಲು ಬರುವುದಿಲ್ಲ.

ಈ ವಿಧಾನಕ್ಕೆ ಮಿತಿಯೂ ಇದೆ. ಒಂದು ಹಂತದಲ್ಲಿ ಬಿಡುಗಡೆಯಾದ ಧಾತು ಉಳಿದ ಮಣ್ಣಿಗೆ ಮರಳಿ ಅಂಟಿಕೊಂಡು ಮುಂದಿನ ಹಂತದ ಲೆಕ್ಕಕ್ಕೆ ಸೇರಬಹುದು. ‘ಕಾರ್ಬೊನೇಟ್ ಭಾಗ’ ಎಂದರೆ ವಾಸ್ತವವಾಗಿ ‘ಆ ದ್ರಾವಣಕ್ಕೆ ಬಂದ ಭಾಗ’ ಎಂದಷ್ಟೇ ಅರ್ಥ. ನೇರವಾಗಿ ರೂಪವನ್ನು ಕಾಣಬೇಕಾದರೆ ಇಂದೋರಿನ ಇಂಡಸ್-2 ಮಾದರಿಯ ಸಿಂಕ್ರೊಟ್ರಾನ್ ಕ್ಷ-ಕಿರಣಗಳು ಬೇಕು. ಅದು ಸಂಶೋಧನೆಯ ವಿಷಯವೇ ಹೊರತು ಸಾಮಾನ್ಯ ಅರ್ಜಿಯ ವ್ಯಾಪ್ತಿಗೆ ಬರುವಂಥದ್ದಲ್ಲ.

ಕರ್ನಾಟಕದ ಸಂದರ್ಭ

ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಪರಮಾಣು ಖನಿಜ ನಿರ್ದೇಶನಾಲಯ ಗುರುತಿಸಿದ ಯುರೇನಿಯಂ ಪಿಚ್‌ಬ್ಲೆಂಡ್ ಹಾಗೂ ಕಾಫಿನೈಟ್ ಖನಿಜಗಳಲ್ಲಿದೆ, ಅಂದರೆ ಕರಗದ ನಾಲ್ಕು ವೇಲೆನ್ಸಿಯ ರೂಪದಲ್ಲಿ. ಸುತ್ತ ಸುಣ್ಣಶಿಲೆಯಿರುವ ಅಂತಹ ಕಡೆ ಗಾಳಿ ಮತ್ತು ಕಾರ್ಬೊನೇಟ್ ನೀರು ತಾಗಿದರೆ ಅದು ಸಾಗುವ ರೂಪಕ್ಕೆ ಬದಲಾಗಬಲ್ಲದು. ಕೋಲಾರ ಮೊದಲಾದ ಪೂರ್ವದ ಜಿಲ್ಲೆಗಳ ಕೆಲವು ಆಳದ ಕೊಳವೆಬಾವಿಗಳಲ್ಲಿ ಮಾರ್ಗಸೂಚಿ ಮೀರಿದ ಯುರೇನಿಯಂ ಕಂಡುಬಂದಿದ್ದು, ಅಲ್ಲಿ ಯುರೇನಿಯಂ ಗಣಿಯಿಲ್ಲ, ಗ್ರಾನೈಟ್ ಶಿಲೆಯೇ ಮೂಲ. ಕೈಗಾ ಅಣುವಿದ್ಯುತ್ ಕೇಂದ್ರವು 2000ನೇ ಇಸವಿಯಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸುವ ಮೊದಲೇ ಮಂಗಳೂರು ವಿಶ್ವವಿದ್ಯಾನಿಲಯವು ಆ ಪ್ರದೇಶದ ಮೂಲ ವಿಕಿರಣಮಟ್ಟವನ್ನು ಅಧ್ಯಯನ ಮಾಡಿತ್ತು. ಮೈಸೂರಿನ ಮನೆಗಳ ರೇಡಾನ್ ಹಾಗೂ ಮಣ್ಣಿನ ವಿಕಿರಣಶೀಲತೆಯ ಬಗ್ಗೆ ಮಾನಸಗಂಗೋತ್ರಿಯ ಭೌತಶಾಸ್ತ್ರ ಅಧ್ಯಯನ ವಿಭಾಗದಲ್ಲಿ ಸಂಶೋಧನೆಗಳು ನಡೆದಿವೆ.

ಅರ್ಜಿದಾರರ ಗಮನಕ್ಕೆ

ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ವಿಕಿರಣಶೀಲತೆ ಸೇರಿಲ್ಲ. ಆದರೂ ಅದರಲ್ಲಿನ ಪಿಎಚ್ ಮತ್ತು ಸಾವಯವ ಇಂಗಾಲದ ಅಂಕಿಗಳು ಧಾತುವಿನ ಚಲನೆಯನ್ನು ಅಂದಾಜಿಸಲು ನೆರವಾಗುವುದರಿಂದ, ಇದ್ದಲ್ಲಿ ಅದರ ಪ್ರತಿಯನ್ನು ಪ್ರಯೋಗಾಲಯಕ್ಕೆ ಒದಗಿಸುವುದು ಸೂಕ್ತ.

ಒಟ್ಟು ಮೊತ್ತದ ಪರೀಕ್ಷೆಗೆ ಮಣ್ಣನ್ನು ಒಣಗಿಸಿ, ಡಬ್ಬಿಯಲ್ಲಿ ಗಾಳಿಯಾಡದಂತೆ ಮುಚ್ಚಿ ಸುಮಾರು ನಾಲ್ಕು ವಾರ ಇಡಲಾಗುತ್ತದೆ. ವರದಿ ತಡವಾಗುವುದಕ್ಕೆ ಇದೂ ಒಂದು ಕಾರಣ. ರೂಪ ನಿರ್ಣಯಕ್ಕೆಂದು ತೆಗೆದ ಕೆರೆ ಹೂಳನ್ನು ಮಾತ್ರ ಬಿಸಿಲಿನಲ್ಲಿ ಒಣಗಿಸಕೂಡದು. ಗಾಳಿ ತಾಗಿದ ಕೂಡಲೇ ಅದರ ರೂಪ ಬದಲಾಗಲಾರಂಭಿಸುತ್ತದೆ. ಒದ್ದೆಯಾಗಿಯೇ, ತುಂಬಿದ ಮುಚ್ಚಿದ ಡಬ್ಬಿಯಲ್ಲಿ, ತಣ್ಣಗೆ ಸಾಗಿಸಬೇಕು.

ಲಷ್ಕರ್ ಮೊಹಲ್ಲಾ ಸೇರಿದಂತೆ ಮೈಸೂರು ನಗರಕ್ಕೆ ಕಾವೇರಿ ಮತ್ತು ಕಬಿನಿ ನದಿಗಳ ನೀರನ್ನು ಸರಬರಾಜು ಮಾಡಲಾಗುತ್ತದೆ. ಸ್ವಂತ ಕೊಳವೆಬಾವಿಯ ನೀರನ್ನು ಕುಡಿಯುವವರು ಮಣ್ಣಿಗಿಂತ ಮೊದಲು ಆ ನೀರನ್ನೇ ಪರೀಕ್ಷಿಸಿಕೊಳ್ಳುವುದು ಒಳಿತು. ಮಣ್ಣಿನಿಂದ ಬಿಡುಗಡೆಯಾಗಬಲ್ಲ ಭಾಗದ ನೇರ ಲೆಕ್ಕ ಅಲ್ಲಿಯೇ ಸಿಗುತ್ತದೆ, ವೆಚ್ಚವೂ ಕಡಿಮೆ. ಕುಡಿಯುವ ನೀರಿನಲ್ಲಿ ಯುರೇನಿಯಂಗೆ ವಿಶ್ವ ಆರೋಗ್ಯ ಸಂಸ್ಥೆಯ ತಾತ್ಕಾಲಿಕ ಮಾರ್ಗಸೂಚಿ ಮೌಲ್ಯವು ಲೀಟರಿಗೆ 30 ಮೈಕ್ರೋಗ್ರಾಂ. ನೀರನ್ನು ಕುದಿಸುವುದರಿಂದ ಯುರೇನಿಯಂ ಹೋಗುವುದಿಲ್ಲ. ಆವಿಯಾದ ನೀರಿನ ಪ್ರಮಾಣಕ್ಕೆ ತಕ್ಕಂತೆ ಸಾಂದ್ರತೆ ಹೆಚ್ಚುತ್ತದೆ.

ಮಣ್ಣಿನ ವರದಿ ಪಡೆಯುವಾಗ ಅಂಕಿಯು ಒಟ್ಟು ಪ್ರಮಾಣದ್ದೋ, ಯಾವುದಾದರೂ ಒಂದು ಹಂತದ ದ್ರಾವಣದ್ದೋ, ಎಷ್ಟು ಆಳದ ಮಾದರಿಯದ್ದೋ ಎಂಬುದು ಲಿಖಿತವಾಗಿ ನಮೂದಾಗಿದೆಯೇ ಎಂದು ಪರಿಶೀಲಿಸತಕ್ಕದ್ದು. ಹಂತವಾರು ವರದಿಯಾದಲ್ಲಿ ಎಲ್ಲ ಹಂತಗಳ ಮೊತ್ತವು ಪ್ರತ್ಯೇಕವಾಗಿ ಅಳೆದ ಒಟ್ಟು ಪ್ರಮಾಣಕ್ಕೆ ತಾಳೆಯಾಗುತ್ತದೆಯೇ ಎಂದು ನೋಡಬೇಕು. ವ್ಯತ್ಯಾಸ ಹೆಚ್ಚಿದ್ದಲ್ಲಿ ಪ್ರಯೋಗಾಲಯದಿಂದ ವಿವರಣೆ ಕೇಳಬಹುದಾಗಿದೆ.