ಅಡಿಗೆಮನೆಯಲ್ಲಿ ದೇವಸಾನ್ನಿಧ್ಯ

ಹದಿನೇಳನೆಯ ಶತಮಾನದ ಪ್ಯಾರಿಸ್ ನಗರದಲ್ಲಿ, ವೊಜಿರಾರ್ ಬೀದಿಯ ಕಾರ್ಮೆಲ್ ಮಠದೊಳಗೆ, ಕುಂಟುಕಾಲಿನ ಅಡಿಗೆಯವನೊಬ್ಬನಿದ್ದನು. ಅವನು ಪಾದ್ರಿಯಲ್ಲ, ಪಂಡಿತನಲ್ಲ. ಬದುಕಿರುವತನಕ ಒಂದು ಗ್ರಂಥವನ್ನೂ ಪ್ರಕಟಿಸಿದವನಲ್ಲ. ಕ್ರೈಸ್ತಸಭೆಯು ಅವನನ್ನು ಸಂತರ ಪಟ್ಟಿಯಲ್ಲಿ ಸೇರಿಸಿಯೂ ಇಲ್ಲ. ಆದರೂ, ಸಾಮಾನ್ಯ ಮನುಷ್ಯನು ದೇವರೊಡನೆ ನೇರವಾದ ಸ್ನೇಹವನ್ನಿಟ್ಟುಕೊಂಡು ಆ ಸ್ನೇಹದಿಂದಲೇ ಪಾವನನಾಗುತ್ತ ಹೋಗಬಹುದೇ ಎಂಬ ಪ್ರಶ್ನೆಯು ಫ್ರಾನ್ಸಿನ ಬಿಷಪ್ಪರನ್ನು ಎರಡು ಪಕ್ಷವಾಗಿ ಒಡೆದಾಗ, ಈ ಅಡಿಗೆಯವನ ಮಾತುಗಳೇ ವಾದಕ್ಕೆ ಸಾಕ್ಷಿಯಾಗಿ ಬಂದವು.

ಅವನ ಹುಟ್ಟುಹೆಸರು ನಿಕೊಲಾ ಎರ್ಮಾಂ. ಲೋರೇನ್ ಸೀಮೆಯ ಲ್ಯೂನೆವಿಲ್ ಪಟ್ಟಣದ ಬಳಿಯ ಎರಿಮೆನಿಲ್ ಎಂಬ ಹಳ್ಳಿಯಲ್ಲಿ ಕ್ರಿ. ಶ. 1614ರ ಸುಮಾರಿನಲ್ಲಿ ಜನಿಸಿದನು. ಹದಿನೆಂಟು ವರ್ಷದವನಾಗಿದ್ದಾಗ ಚಳಿಗಾಲದಲ್ಲಿ ಎಲೆಯುದುರಿ ಬೋಳಾಗಿ ನಿಂತ ಮರವೊಂದನ್ನು ಕಂಡನು. ಕೆಲವು ದಿನಗಳಲ್ಲಿ ಇದು ಚಿಗುರುವುದು, ಹೂ ಬಿಡುವುದು, ಕಾಯಿ ಹಿಡಿಯುವುದು ಎಂದು ಯೋಚಿಸುತ್ತಿದ್ದಂತೆ ದೇವರ ಶಕ್ತಿಯೂ ಪೋಷಣೆಯೂ ಅವನ ಮನಸ್ಸಿಗೆ ನಾಟಿದವು. ಆ ಭಾವವು ಕೊನೆಯವರೆಗೂ ಅಳಿಯಲಿಲ್ಲವೆಂದು ಅವನೇ ಮುಂದೆ ಹೇಳಿಕೊಂಡನು. ಇದನ್ನು ಕೇಳಿ, ಅಂದೇ ಅವನು ವಿರಕ್ತನಾದನೆಂದು ಭಾವಿಸಲಾಗದು. ಆಗ ಯೂರೋಪಿನಲ್ಲಿ ಮೂವತ್ತು ವರ್ಷಗಳ ಯುದ್ಧ (1618–1648) ನಡೆಯುತ್ತಿದ್ದಿತು. ನಿಕೊಲಾ ಸೈನಿಕನಾದನು, ಗಾಯಗೊಂಡನು, ಅದರಿಂದ ಕಾಲು ಊನವಾಯಿತು. ಬಳಿಕ ಫಿಯುಬೆ ಎಂಬ ಖಜಾನೆಯ ಅಧಿಕಾರಿಯ ಮನೆಯಲ್ಲಿ ಊಳಿಗದವನಾಗಿದ್ದನು. ಕೈಗೆ ಸಿಕ್ಕುದನ್ನೆಲ್ಲ ಒಡೆದುಹಾಕುತ್ತಿದ್ದ ಒಡ್ಡ ತಾನೆಂದು ಅವನು ತನ್ನ ಆ ಕಾಲವನ್ನು ನೆನೆಯುತ್ತಿದ್ದನು.

1640ರಲ್ಲಿ ಅವನು ಪ್ಯಾರಿಸಿನ ಕಾರ್ಮೆಲ್ ಮಠವನ್ನು ಸೇರಿ 'ಪುನರುತ್ಥಾನದ ಲಾರೆನ್ಸ್' ಎಂಬ ಹೆಸರನ್ನು ತಾಳಿದನು. ಆ ಮಠಗಳಲ್ಲಿ ಎರಡು ಬಗೆಯ ಸಹೋದರರಿರುತ್ತಿದ್ದರು: ಪಾದ್ರಿಗಳಾಗಿ ಪೂಜೆ ಪಾಠಗಳನ್ನು ನಡೆಸುವವರು ಒಂದು ಬಗೆ; ಅಡಿಗೆ, ತೋಟ, ಹೊಲಿಗೆ ಮುಂತಾದ ಕೆಲಸಗಳನ್ನು ಮಾಡುವವರು ಇನ್ನೊಂದು ಬಗೆ. ಲಾರೆನ್ಸನು ಎರಡನೆಯ ಬಗೆಯವನು. ಅವನು ಸೇರಿದುದು ಅವಿಲಾ ಪಟ್ಟಣದ ತೆರೇಸಾ 1562ರಲ್ಲಿ ಸ್ಪೇನಿನಲ್ಲಿ ಆರಂಭಿಸಿದ ಸುಧಾರಣೆಯಿಂದ ಹುಟ್ಟಿದ 'ಬರಿಗಾಲಿನ' ಕಾರ್ಮೆಲ್ ಪಂಥ. (ಹೆಸರು ಬರಿಗಾಲಿನದಾದರೂ ಅವರು ಮೆಟ್ಟುಗಳನ್ನು ಮೆಟ್ಟುತ್ತಿದ್ದರು, ಅವುಗಳನ್ನು ದುರಸ್ತಿ ಮಾಡುವುದೇ ಮುಂದೆ ಲಾರೆನ್ಸನ ಪಾಲಿಗೆ ಬಂದ ಕೆಲಸ.) ಕಾರ್ಮೆಲ್ ಎಂಬ ಹೆಸರು ನಮ್ಮ ನಾಡಿಗೂ ಹೊಸದಲ್ಲ, ಅದೇ ಪರಂಪರೆಯ ಭಗಿನಿಯರು 1870ರಲ್ಲಿ ಮಂಗಳೂರಿಗೆ ಬಂದು ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿ ದುಡಿದುದು ಕರಾವಳಿಯವರಿಗೆಲ್ಲ ತಿಳಿದ ವಿಷಯ. ಪ್ರಾರ್ಥನೆಯೆಂದರೆ ನಮ್ಮನ್ನು ಪ್ರೀತಿಸುವನೆಂದು ಬಲ್ಲ ಸ್ನೇಹಿತನೊಡನೆ ಏಕಾಂತದಲ್ಲಿ ಮಾತಾಡುವುದು ಎಂಬುದು ತೆರೇಸಳ ಮತ. ಅಡಿಗೆಮನೆಯ ಪಾತ್ರೆಗಳ ನಡುವೆಯೂ ಪ್ರಭುವು ಸಂಚರಿಸುವನೆಂದು ಅವಳು ತನ್ನ ಭಗಿನಿಯರಿಗೆ ಬರೆದಿದ್ದಳು. ಆದುದರಿಂದ ಲಾರೆನ್ಸನು ಹೊಸ ಸಿದ್ಧಾಂತವನ್ನು ಕಟ್ಟಿದನೆಂದು ಹೇಳುವುದು ಸರಿಯಲ್ಲ. ತೆರೇಸಳ ಮಾತನ್ನು ಅವನು ಅಕ್ಷರಶಃ ಬದುಕಿ ನೋಡಿದನು.

ಅವನ ಚರಿತ್ರೆಯನ್ನು ಭಕ್ತಿಯಿಂದ ಬರೆದವರಲ್ಲಿ ಅನೇಕರು ಅವನ ಪ್ರಸನ್ನತೆಯನ್ನೇ ವರ್ಣಿಸಿ, ಅದಕ್ಕೆ ಹಿಂದಿನ ಹತ್ತು ವರ್ಷಗಳನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುವರು. ವಿಷಯದ ತಿರುಳಾದರೋ ಆ ಹತ್ತು ವರ್ಷಗಳಲ್ಲಿಯೇ ಇದೆ. ಮಠಕ್ಕೆ ಬಂದ ಲಾರೆನ್ಸನು ಪುಸ್ತಕಗಳಲ್ಲಿ ಹೇಳಿದ ಧ್ಯಾನಕ್ರಮಗಳನ್ನೆಲ್ಲ ಪರೀಕ್ಷಿಸಿದನು. ಒಂದೊಂದು ಗ್ರಂಥ ಒಂದೊಂದು ದಾರಿಯನ್ನು ತೋರಿಸಿತು. ಅವನಿಗೆ ಸಿಕ್ಕಿದುದು ಗೊಂದಲ. ನೇಮದ ಪ್ರಾರ್ಥನೆಯ ವೇಳೆಯಲ್ಲಿ ಮರಣ, ತೀರ್ಪು, ನರಕ, ಸ್ವರ್ಗ, ತನ್ನ ಪಾಪಗಳು ಇವನ್ನೇ ವರ್ಷಗಟ್ಟಲೆ ಚಿಂತಿಸಿದನು. ತಾನು ದೇವರಿಗೆ ಬೇಕಾದಷ್ಟು ಒಪ್ಪಿಸಿಕೊಂಡಿಲ್ಲವೆಂಬ ಭಯ, ಹಿಂದಿನ ತಪ್ಪುಗಳ ನೆನಪು, ಯೋಗ್ಯತೆಗೆ ಮೀರಿದ ಅನುಗ್ರಹಗಳು ತನಗೆ ಬರುತ್ತಿವೆಯೆಂಬ ಸಂಶಯ, ಇವು ಮೂರೂ ಅವನನ್ನು ಸುಟ್ಟವು. ನಾಲ್ಕು ವರ್ಷಗಳ ಕಾಲ ತಾನು ನರಕಕ್ಕೆ ಗುರಿಯಾದವನೆಂದು ದೃಢವಾಗಿ ನಂಬಿದ್ದನು. ಲೋಕದವರೆಲ್ಲ ಸೇರಿ ಸಮಾಧಾನ ಹೇಳಿದ್ದರೂ ಆ ನಂಬಿಕೆ ಕದಲುತ್ತಿರಲಿಲ್ಲ. ತನ್ನ ಬುದ್ಧಿಯೂ ದೇವರೂ ತನಗೆ ಎದುರಾಗಿ ನಿಂತಂತೆ ತೋರಿ, ವಿಶ್ವಾಸವೊಂದೇ ತನ್ನ ಕಡೆಗಿದ್ದಿತೆಂದು ಅವನು ಒಂದು ಪತ್ರದಲ್ಲಿ ಬರೆದನು.

ಆ ಸಂಕಟದಿಂದ ಅವನು ಬಿಡುಗಡೆ ಹೊಂದಿದ ಬಗೆ ವಿಚಿತ್ರವಾದುದು. ತಾನು ಈ ಮಾರ್ಗಕ್ಕೆ ಬಂದುದು ದೇವರ ಪ್ರೀತಿಗಾಗಿಯಲ್ಲವೇ? ಹಾಗಿದ್ದಮೇಲೆ ಉಳಿದರೂ ಅಳಿದರೂ ಸಾಯುವವರೆಗೆ ಆ ಪ್ರೀತಿಗಾಗಿಯೇ ನಡೆಯುವೆನು. ಅಷ್ಟಾದರೂ ತನ್ನದಾಗಿ ಉಳಿಯುವುದು ಎಂದು ಅವನು ನಿಶ್ಚಯಿಸಿದನು. ಅಂದರೆ ಸ್ವರ್ಗದ ಆಸೆಯನ್ನೂ ನರಕದ ಭಯವನ್ನೂ ಲೆಕ್ಕದಿಂದ ತೆಗೆದುಬಿಟ್ಟನು. ಈ ದುಃಖದಲ್ಲಿಯೇ ಆಯುಷ್ಯ ಕಳೆಯುವುದೆಂದು ಒಪ್ಪಿಕೊಂಡ ಮೇಲೆ ಒಮ್ಮಿಂದೊಮ್ಮೆ ಮನಸ್ಸು ಶಾಂತವಾಯಿತು. ಬಳಿಕ ಅವನು ಹಿಡಿದ ಅಭ್ಯಾಸ ಒಂದೇ: ಎಲ್ಲಿದ್ದರೂ ದೇವರು ಎದುರಿಗಿರುವನೆಂದು ಎಣಿಸಿ ಅವನೊಡನೆ ಸರಳವಾಗಿ ಮಾತಾಡುವುದು. ಮನಸ್ಸು ಹರಿದುಹೋದರೆ ಬೈದುಕೊಳ್ಳದೆ ಮೆಲ್ಲನೆ ಹಿಂದಕ್ಕೆ ತರುವುದು. ತಪ್ಪು ಮಾಡಿದರೆ, ನೀನು ಕೈಬಿಟ್ಟರೆ ನಾನು ಮಾಡುವುದು ಇಷ್ಟೇ ಎಂದು ಒಪ್ಪಿಕೊಂಡು, ಹೆಚ್ಚಿಗೆ ಕೊರಗದೆ ಕೆಲಸಕ್ಕೆ ತೊಡಗುವುದು. ಧ್ಯಾನದಲ್ಲಿ ಮನಸ್ಸು ನಿಲ್ಲದೆಂದು ದೂರಿದವರಿಗೆ, ಸಿರಿವಂತನ ಬಾಗಿಲಲ್ಲಿ ಮೂಕನೂ ಹೆಳವನೂ ಆದ ಭಿಕ್ಷುಕನು ಬಿದ್ದಿರುವಂತೆ ಸುಮ್ಮನೆ ದೇವರ ಮುಂದೆ ಇರಿ ಎಂದು ಸಲಹೆ ಕೊಡುತ್ತಿದ್ದನು.

ಇವೆಲ್ಲವೂ ನಡೆದುದು ಅವನು ಸಹಜವಾಗಿ ಹೇಸುತ್ತಿದ್ದ ಅಡಿಗೆಮನೆಯಲ್ಲಿ. ಸುಮಾರು ಹದಿನೈದು ವರ್ಷ ಅವನು ಅಲ್ಲಿ ದುಡಿದನು. ಬಾಣಲೆಯಲ್ಲಿ ಆಮ್ಲೆಟ್ಟನ್ನು ತಿರುವಿಹಾಕುವುದೂ, ನೆಲದ ಮೇಲಿನ ಹುಲ್ಲುಕಡ್ಡಿಯನ್ನು ಎತ್ತುವುದೂ ದೇವರ ಪ್ರೀತಿಗಾಗಿಯೇ ಆಗಬಹುದೆಂಬುದು ಅವನ ಅನುಭವ. ಮಠಕ್ಕೆ ದ್ರಾಕ್ಷಾರಸವನ್ನು ಕೊಳ್ಳಲು ಬರ್ಗಂಡಿ ಸೀಮೆಗೆ ಹೋಗಬೇಕಾದಾಗ, ವ್ಯಾಪಾರ ತಿಳಿಯದ ಈ ಕುಂಟನು ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಕೊಂಡೇ ಅತ್ತಿತ್ತ ಹೋಗುತ್ತಿದ್ದನು. ನಿನ್ನ ಕೆಲಸ ನೀನೇ ನೋಡಿಕೊ ಎಂದು ದೇವರಿಗೆ ಹೇಳಿ ಹೊರಡುತ್ತಿದ್ದೆ, ಎಲ್ಲವೂ ಸರಿಹೋಗುತ್ತಿದ್ದಿತು ಎಂದು ಹೇಳಿದನಂತೆ. ನೇಮದ ಪ್ರಾರ್ಥನೆಯ ವೇಳೆಗೂ ಕೆಲಸದ ವೇಳೆಗೂ ತನಗೆ ವ್ಯತ್ಯಾಸವಿಲ್ಲವೆಂದು ಅವನು ಹೇಳಿದುದೇ ಮುಂದೆ ಅಪಾಯದ ಮಾತಾಯಿತು.

ಈ ಸಂಗತಿಗಳು ಉಳಿದುಬಂದುದು ಜೋಸೆಫ್ ದ ಬೊಫೋರ್ ಎಂಬ ಪಾದ್ರಿಯಿಂದ. ಅವನು 1666ನೆಯ ಆಗಸ್ಟ್ 3ರಂದು ಮೊದಲಬಾರಿಗೆ ಲಾರೆನ್ಸನನ್ನು ಕಂಡು ಮಾತಾಡಿ, ಕೇಳಿದುದನ್ನು ಬರೆದಿಟ್ಟನು. ಇಂಥ ನಾಲ್ಕು ಸಂಭಾಷಣೆಗಳೂ ಹದಿನಾರು ಪತ್ರಗಳೂ ದೊರೆತಿವೆ. ಲಾರೆನ್ಸನು 1691ನೆಯ ಫೆಬ್ರವರಿ 12ರಂದು ತೀರಿಕೊಂಡನು. ಮರುವರುಷ ಬೊಫೋರನು ಅವನ ಸೂತ್ರಗಳನ್ನೂ ಪತ್ರಗಳನ್ನೂ, 1694ರಲ್ಲಿ ಚರಿತ್ರೆಯನ್ನೂ ಸಂಭಾಷಣೆಗಳನ್ನೂ ಅಚ್ಚುಮಾಡಿಸಿದನು.

ಇದಕ್ಕಿಂತ ಕೆಟ್ಟ ಮುಹೂರ್ತ ಆ ಪುಸ್ತಕಗಳಿಗೆ ಇರಲಾರದು. ರೋಮಿನಲ್ಲಿದ್ದ ಮೋಲಿನೊಸ್ ಎಂಬ ಸ್ಪೇನಿನ ಪಾದ್ರಿಯು, ಆತ್ಮವು ತಾನಾಗಿ ಏನನ್ನೂ ಮಾಡದೆ ದೇವರಲ್ಲಿ ನಿಶ್ಚಲವಾಗಿರಬೇಕೆಂದು ಬೋಧಿಸಿ, 1687ರಲ್ಲಿ ಪೋಪರಿಂದ ಖಂಡಿತನಾಗಿ ಸೆರೆಯಲ್ಲಿದ್ದನು. ಈ ಮತಕ್ಕೆ ಕ್ವಯೆಟಿಸಂ ಎಂದು ಹೆಸರು, ನಿಶ್ಚಲವಾದವೆಂದು ಕರೆಯಬಹುದು. ಫ್ರಾನ್ಸಿನಲ್ಲಿ ಮದಾಮ್ ಗುಯೋನ್ ಎಂಬ ವಿಧವೆಯು, ಎಲ್ಲರಿಗೂ ಸುಲಭವಾದ ಪ್ರಾರ್ಥನಾಮಾರ್ಗವನ್ನು ಬರೆದುದಕ್ಕಾಗಿ ಇದೇ ಆಕ್ಷೇಪಕ್ಕೆ ಗುರಿಯಾಗಿ ಬಾಸ್ತೀಯ್ ಸೆರೆಮನೆಯನ್ನೂ ಕಂಡಳು. ಅವಳ ಪಕ್ಷ ವಹಿಸಿದವನು ಫೆನೆಲೊನ್, ವಿರೋಧಿಸಿದವನು ಬೊಸ್ಸುಯೆ. ಇಬ್ಬರೂ ಫ್ರೆಂಚ್ ಗದ್ಯದ ಮಹಾಲೇಖಕರು, ಇಬ್ಬರೂ ಧರ್ಮಾಧ್ಯಕ್ಷರು. ಪ್ರತಿಫಲವನ್ನು ಬಯಸದ ಶುದ್ಧಪ್ರೇಮ ಮನುಷ್ಯನಿಗೆ ಸಾಧ್ಯವೇ ಎಂಬುದು ವಾದದ ಗಂಟು. ಸಾಧ್ಯವೆನ್ನಲು ಫೆನೆಲೊನನು ಎತ್ತಿದ ಸಾಕ್ಷಿಗಳಲ್ಲಿ, ಸ್ವರ್ಗನರಕಗಳ ಯೋಚನೆಯನ್ನೇ ಬಿಟ್ಟ ಲಾರೆನ್ಸನೂ ಒಬ್ಬನು. ಫೆನೆಲೊನನು ರೋಗಶಯ್ಯೆಯಲ್ಲಿದ್ದ ಆ ಮುದುಕನನ್ನು ಸ್ವತಃ ಕಂಡು, ಅವನ ಗೆಲವಿಗೆ ಬೆರಗಾಗಿದ್ದವನು. ಇತ್ತ ಬೊಫೋರನೋ ಪ್ಯಾರಿಸಿನ ಆರ್ಚ್‌ಬಿಷಪ್ಪನಾದ ನೋಆಯ್‌ನ ಕೈಕೆಳಗಿನ ಅಧಿಕಾರಿ. ನೋಆಯ್‌ನಾದರೋ ಫೆನೆಲೊನನ ಎದುರುಪಕ್ಷ. ತನ್ನವನೇ ಅಚ್ಚುಹಾಕಿಸಿದ ಪುಸ್ತಕವು ಎದುರಾಳಿಯ ಕೈಯಲ್ಲಿ ಆಯುಧವಾದುದನ್ನು ನೋಆಯ್‌ನು ನೋಡಬೇಕಾಯಿತು. 1699ನೆಯ ಮಾರ್ಚ್ 12ರಂದು ಪೋಪರು ಫೆನೆಲೊನನ ಗ್ರಂಥದಿಂದ 23 ವಾಕ್ಯಗಳನ್ನು ಖಂಡಿಸಿದರು. ಲಾರೆನ್ಸನ ಪುಸ್ತಕವನ್ನು ಯಾರೂ ಖಂಡಿಸಲಿಲ್ಲ. ಅವನ ದೇಶದ ಕ್ಯಾಥೊಲಿಕರು ಅದನ್ನು ಮರೆತರು, ಅಷ್ಟೆ.

ಬೊಸ್ಸುಯೆಯ ಭಯ ನಿರಾಧಾರವಾದುದಲ್ಲ. ದೇವರೊಡನೆ ತನಗೆ ನೇರವಾದ ಬಳಕೆಯಿದೆಯೆಂದು ಹೇಳುವವನು ನಾಳೆ ಪಾಪನಿವೇದನೆ ಬೇಡ, ನೇಮದ ಪ್ರಾರ್ಥನೆ ಬೇಡ, ತಪ್ಪಿಗೆ ತಾನು ಹೊಣೆಯಲ್ಲ ಎಂದೂ ಹೇಳಬಹುದು. ಮೋಲಿನೊಸನ ಮೇಲೆ ಹೊರಿಸಿದ ದೋಷಗಳಲ್ಲಿ ಇಂಥವೂ ಇದ್ದವು. ಆದರೆ ಈ ಅಳತೆಗೋಲು ಲಾರೆನ್ಸನಿಗೆ ಹೊಂದುವುದಿಲ್ಲ. ಅವನು ಪಾಪನಿವೇದನೆಯನ್ನು ಬಿಟ್ಟವನಲ್ಲ. ಮಠಾಧಿಪತಿಯು ಧ್ಯಾನಕ್ಕೆ ಹೋಗೆಂದರೆ ಹೋಗುತ್ತಿದ್ದನು, ಕೆಲಸಕ್ಕೆ ಬಾ ಎಂದರೆ ಬರುತ್ತಿದ್ದನು. ಗುಯೋನಳ ಮಾರ್ಗದಲ್ಲಿ ಆತ್ಮವು ಸುಮ್ಮನಾಗುವುದು ಮುಖ್ಯ. ಲಾರೆನ್ಸನಲ್ಲಿ ಆತ್ಮಕ್ಕೆ ಸುಮ್ಮನಿರಲು ಬಿಡುವೇ ಇಲ್ಲ. ಒಲೆಯ ಮೇಲಿನ ಪಾತ್ರೆಯಂತೂ ಕಾಯುತ್ತ ಕೂರುವುದಿಲ್ಲವಷ್ಟೆ. ಸೈನ್ಯದಲ್ಲಿದ್ದ ಒಬ್ಬ ತರುಣನಿಗೂ ಅವನು ಹೇಳಿಕಳುಹಿಸಿದುದು ಇದನ್ನೇ: ಕತ್ತಿ ಹಿಡಿದು ನಡೆಯುತ್ತಿರುವಾಗಲೂ ಹೃದಯವನ್ನು ಒಂದು ಕ್ಷಣ ಮೇಲಕ್ಕೆತ್ತಿದರೆ ಸಾಕು.

ಕ್ಯಾಥೊಲಿಕರು ಕೈಬಿಟ್ಟುದನ್ನು ಪ್ರಾಟೆಸ್ಟಂಟರು ಎತ್ತಿಕೊಂಡರು. ಹಾಲೆಂಡಿನಲ್ಲಿ ನೆಲಸಿದ್ದ ಪಿಯರ್ ಪ್ವಾರೆ ಎಂಬ ಪ್ರಾಟೆಸ್ಟಂಟ್ ಪಾದ್ರಿಯು 1699ರಲ್ಲಿ, ಖಂಡನೆ ಹೊರಟ ವರ್ಷದಲ್ಲಿಯೇ, ಗುಯೋನಳ ಕೃತಿಗಳ ಜೊತೆಯಲ್ಲಿ ಲಾರೆನ್ಸನ ಮಾತುಗಳನ್ನೂ ಮುದ್ರಿಸಿದನು. ಅವನು ಗುಯೋನಳೊಡನೆ ಸೇರಿಸಿದುದು ಉಪಕಾರವೂ ಹೌದು, ಅಪಕಾರವೂ ಹೌದು. ಅಲ್ಲಿಂದ ಇಂಗ್ಲಿಷಿಗೆ ಬಂದ ಮೇಲೆ, ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿಯು 1749ರಿಂದ 1755ರವರೆಗೆ 50 ಸಂಪುಟಗಳಲ್ಲಿ ಹೊರಡಿಸಿದ ಕ್ರೈಸ್ತ ಗ್ರಂಥಮಾಲೆಯಲ್ಲಿ ಈ ಅಡಿಗೆಯವನಿಗೆ ಸ್ಥಳ ಕೊಟ್ಟನು. ಇಂಡಿಯಾ ದೇಶದಲ್ಲಿ ಇಂಗ್ಲಿಷ್ ಬಲ್ಲವರಿಗೆ ಲಾರೆನ್ಸನು ಪರಿಚಯವಾದುದು ಇಂಥ ಅನುವಾದಗಳಿಂದಲೇ. ಅವನ ಸ್ವಂತ ಪಂಥದವರು ಮೂಲಪಾಠಗಳನ್ನು ಶೋಧಿಸಿ ಶುದ್ಧಪ್ರತಿಯನ್ನು ಸಿದ್ಧಪಡಿಸುವುದಕ್ಕೆ ಬಹುಕಾಲ ಹಿಡಿಯಿತು. ಕೊನ್ರಾಡ್ ದ ಮೇಸ್ಟರ್ ಎಂಬ ಕಾರ್ಮೆಲ್ ಸಂನ್ಯಾಸಿಯ ಆ ಫ್ರೆಂಚ್ ಆವೃತ್ತಿಯು ಪ್ರಕಟವಾದುದು 1991ರಲ್ಲಿ, ಲಾರೆನ್ಸನು ತೀರಿಕೊಂಡ ಮುನ್ನೂರನೆಯ ವರ್ಷದಲ್ಲಿ.