‘ಫೈಂಡ್’: ಹುಡುಕಾಟವಲ್ಲ, ಅದರ ಫಲ

ಆಂಗ್ಲ ಭಾಷೆಯಲ್ಲಿ ನಿತ್ಯ ಬಳಕೆಯಲ್ಲಿರುವ ಕ್ರಿಯಾಪದಗಳಲ್ಲಿ ‘ಫೈಂಡ್’ ಒಂದು. ಕಾಣು, ಪತ್ತೆಮಾಡು, ಪಡೆದುಕೊಳ್ಳು ಎಂಬುವು ಇದರ ಮುಖ್ಯ ಅರ್ಥಗಳು. ಭೂತಕಾಲದ ರೂಪ ‘ಫೌಂಡ್’.

ಬೀಗದ ಕೈ ಹುಡುಕುತ್ತಿದ್ದೇನೆ ಎನ್ನಲು ‘ಐ ಆ್ಯಮ್ ಫೈಂಡಿಂಗ್ ಮೈ ಕೀ’ ಎನ್ನುವವರುಂಟು. ಇದು ತಪ್ಪು. ಹುಡುಕುವ ಕ್ರಿಯೆಗೆ ‘ಲುಕ್ ಫಾರ್’ ಸಲ್ಲುತ್ತದೆ. ವಸ್ತು ಸಿಕ್ಕಿದ ಮೇಲಷ್ಟೇ ‘ಫೈಂಡ್’.

‘ಫೈಂಡ್ ಔಟ್’ ಎಂಬುದು ವಸ್ತುವಿಗಲ್ಲ, ವಿಷಯಕ್ಕೆ ಸಂಬಂಧಿಸಿದ್ದು. ಕಳೆದುಹೋದ ಪುಸ್ತಕ ಸಿಕ್ಕರೆ ‘ಫೈಂಡ್’. ಅದನ್ನು ಒಯ್ದವರು ಯಾರೆಂದು ತಿಳಿದುಕೊಂಡರೆ ‘ಫೈಂಡ್ ಔಟ್’.

ಕನ್ನಡದ ‘ಕಂಡುಹಿಡಿ’ ಎಂಬ ಒಂದೇ ಪದ ಆಂಗ್ಲದ ಹಲವು ಪದಗಳ ಕೆಲಸ ಮಾಡುವುದರಿಂದ ಗೊಂದಲ ಹೆಚ್ಚು. ಮೊದಲೇ ಇದ್ದು ಅರಿವಿಗೆ ಬಾರದಿದ್ದುದನ್ನು ಬೆಳಕಿಗೆ ತಂದರೆ ‘ಡಿಸ್ಕವರ್’. ಮುಚ್ಚಿದ್ದನ್ನು ತೆರೆಯುವುದು ಎಂಬುದೇ ಆ ಪದದ ಮೂಲಾರ್ಥ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನ 1915ರಲ್ಲಿ ಪತ್ತೆಯಾದುದು, 1928ರಲ್ಲಿ ಸಿ.ವಿ. ರಾಮನ್ ಅವರು ರಾಮನ್ ಪರಿಣಾಮವನ್ನು ಗುರುತಿಸಿದ್ದು ಇದಕ್ಕೆ ನಿದರ್ಶನ. ಇಲ್ಲದ್ದನ್ನು ಹೊಸದಾಗಿ ರೂಪಿಸಿದರೆ ‘ಇನ್ವೆಂಟ್’. 1877ರಲ್ಲಿ ಎಡಿಸನ್ ಫೋನೋಗ್ರಾಫ್ ನಿರ್ಮಿಸಿದ್ದು ಈ ಬಗೆಯದು.

‘ಫೌಂಡ್’ ರೂಪದಲ್ಲಿ ಇನ್ನೊಂದು ತೊಡಕಿದೆ. ಸ್ಥಾಪಿಸು ಎಂಬ ಅರ್ಥದ ಬೇರೊಂದು ಕ್ರಿಯಾಪದವೂ ‘ಫೌಂಡ್’ ಆಗಿದ್ದು, ಅದರ ಭೂತರೂಪ ‘ಫೌಂಡೆಡ್’. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಸ್ಥಾಪನೆಯಾಯಿತು ಎನ್ನಲು ‘ವಾಸ್ ಫೌಂಡೆಡ್’ ಎನ್ನಬೇಕು.

ಅಭಿಪ್ರಾಯ ಸೂಚಿಸಲೂ ‘ಫೈಂಡ್’ ಬಳಕೆಯಾಗುತ್ತದೆ. ‘ಐ ಫೌಂಡ್ ದ ಫಿಲ್ಮ್ ಡಲ್’ ಎಂದರೆ ಚಿತ್ರ ತನಗೆ ನೀರಸವೆನಿಸಿತು ಎಂದರ್ಥ.

ನ್ಯಾಯಾಲಯದ ವರದಿಗಳಲ್ಲಿ ಈ ಪದದ ತೂಕ ಇನ್ನೂ ಹೆಚ್ಚು. ‘ಫೌಂಡ್ ಗಿಲ್ಟಿ’ ಎಂದರೆ ವಿಚಾರಣೆ ನಡೆದು, ತಪ್ಪಿತಸ್ಥನೆಂದು ನ್ಯಾಯಾಲಯ ತೀರ್ಮಾನಿಸಿದೆ ಎಂದರ್ಥ. ಪೊಲೀಸರು ಬಂಧಿಸಿದ ಮಾತ್ರಕ್ಕಾಗಲಿ, ಆರೋಪಪಟ್ಟಿ ಸಲ್ಲಿಸಿದ ಮಾತ್ರಕ್ಕಾಗಲಿ ಈ ಮಾತು ಸಲ್ಲದು. ತೀರ್ಪಿಗೆ ಮುನ್ನವೇ ಇದನ್ನು ಬಳಸಿದರೆ, ಇನ್ನೂ ಆರೋಪಿಯಾಗಿರುವವನನ್ನು ಅಪರಾಧಿಯೆಂದು ಸಾರಿದಂತಾಗುತ್ತದೆ.